‘ಅಪೊಸ್ತಾತಿಸ್’: ಪಕ್ಷಾಂತರಿಯೋ, ಭಿನ್ನಮತೀಯನೋ?

ಬಲ್ಲವರಿಗೆ ನಮಸ್ಕಾರ. ಪುಟ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗುತ್ತದೆ, ಒಂದು ಪದ ಸಿಕ್ಕಿಲ್ಲ. ಗ್ರೀಸಿನ ಪ್ರಧಾನಿಯಾಗಿದ್ದ ಕಾನ್‌ಸ್ಟಾಂಟಿನ್ ಮಿತ್ಸೊಟಾಕಿಸ್ (1918–2017) ಅವರ ಪರಿಚಯವನ್ನು ಅನುವಾದಿಸುತ್ತಿದ್ದೇನೆ. 1965ರಲ್ಲಿ ಪ್ರಧಾನಿ ಜಾರ್ಜ್ ಪಪಾಂಡ್ರೂ ರಕ್ಷಣಾ ಖಾತೆ ತಮಗೇ ಇರಲಿ ಎಂದರು, ದೊರೆ ಒಪ್ಪಲಿಲ್ಲ, ಜುಲೈ 15ರಂದು ಸರ್ಕಾರ ಹೋಯಿತು. ಪಪಾಂಡ್ರೂ ಅವರದೇ ಸೆಂಟರ್ ಯೂನಿಯನ್ ಪಕ್ಷದಿಂದ ಒಡೆದು ದೊರೆಯ ಸರ್ಕಾರಗಳಿಗೆ ಕೈಯೆತ್ತಿದವರಲ್ಲಿ ಮಿತ್ಸೊಟಾಕಿಸ್ ಮುಂಚೂಣಿಯವರು. ಅಂದು ಅಂಟಿದ ‘ಅಪೊಸ್ತಾತಿಸ್’ ಎಂಬ ಹೆಸರು ಕೊನೆಯವರೆಗೂ ಅವರನ್ನು ಬಿಡಲಿಲ್ಲ. ‘ಪಕ್ಷಾಂತರಿ’ ಎಂದು ಬರೆದು ಹೊಡೆದುಹಾಕಿದೆ. ಅವರು ಎದುರಾಳಿ ಪಕ್ಷಕ್ಕೆ ಜಿಗಿದವರಲ್ಲ.

ಮರು: ಧಾತು ನೋಡದೆ ಪದ ಹುಡುಕಿದರೆ ಹೀಗೇ ಆಗುವುದು. ಗ್ರೀಕಿನ ‘ಅಪೊ’ ನಮ್ಮ ‘ಅಪ’, ‘ಸ್ತಾ’ ನಮ್ಮ ‘ಸ್ಥಾ’. ಸರಿದು ನಿಂತವನು. ‘ಅಪಸ್ಥಿತ’ ಎಂದು ಬರೆಯಿರಿ, ಮುಗಿಯಿತು.

ಮರು: ಮುಗಿಯಲಿಲ್ಲ. ಓದುಗ ಅದನ್ನು ‘ಉಪಸ್ಥಿತ’ದ ಅಚ್ಚಿನ ತಪ್ಪು ಎಂದುಕೊಳ್ಳುತ್ತಾನೆ. ‘ಸಿಡಿದವನು’ ಎಂಬ ಕನ್ನಡದ ಮಾತು ಇರುವಾಗ ಸಂಸ್ಕೃತದ ಮನೆಯಲ್ಲಿ ಸಾಲವೇಕೆ?

ಮರು: ಹಾಗಾದರೆ ‘ಪಕ್ಷ’, ‘ದೇಶ’ ಎಲ್ಲವನ್ನೂ ಹಿಂದಿರುಗಿಸಿ. ‘ಸುರಂಗ’ವನ್ನೂ, ಅದು ಗ್ರೀಕಿನ ‘ಸೂರಿಂಕ್ಸ್’.

ಮರು: ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಹಳೆಯ ಗ್ರೀಕ್ ಪ್ರಹಸನದಲ್ಲಿ ಇವೆಯೆನ್ನುವ ಕನ್ನಡ ಮಾತುಗಳನ್ನು ಯಾರಾದರೂ ಎಳೆದು ತರುವ ಮೊದಲು ಕೇಳಿದ್ದಕ್ಕೆ ಬರೋಣ. ಪತ್ರಿಕೆಯವರ ‘ಭಿನ್ನಮತೀಯ’ ಅರ್ಥದಲ್ಲಿ ಹತ್ತಿರದ್ದು. ‘ಮತ’ ಅಭಿಪ್ರಾಯವೂ ಹೌದು, ಧರ್ಮವೂ ಹೌದು, ವೋಟೂ ಹೌದು. ಗ್ರೀಕ್ ಪದವೂ ಧರ್ಮ ಬಿಟ್ಟವನಿಗೆ ಸಲ್ಲುತ್ತದೆ. ಆದರೆ ನಮ್ಮ ಭಿನ್ನಮತೀಯ ಸಂಜೆ ಸಂಧಾನವಾದರೆ ಬೆಳಿಗ್ಗೆ ಮಂತ್ರಿ. ಅದು ಬೈಗುಳವಲ್ಲ, ಇದು ಬೈಗುಳ. ಜುಲೈ 21ರಂದು ಅಥೆನ್ಸಿನ ಪ್ರತಿಭಟನೆಯಲ್ಲಿ ಸೋತಿರಿಸ್ ಪೆಟ್ರೂಲಾಸ್ ಎಂಬ ವಿದ್ಯಾರ್ಥಿ ಸತ್ತ. ಎರಡು ಸರ್ಕಾರಗಳು ಸದನದಲ್ಲಿ ಸೋತವು, ಮೂರನೆಯದು 300ರಲ್ಲಿ 152 ಮತದಿಂದ ನಿಂತಿತು. 1967ರ ಏಪ್ರಿಲ್ 21ಕ್ಕೆ ಸೇನೆಯ ಕರ್ನಲ್‌ಗಳು ಟ್ಯಾಂಕು ತಂದು ಅಧಿಕಾರ ಹಿಡಿದರು. ಬಾಗಿಲು ತೆರೆದವರು ಇವರೇ ಎಂದು ದೂರುವವರು ಈಗಲೂ ಇದ್ದಾರೆ. ಇಷ್ಟನ್ನು ‘ಭಿನ್ನಮತೀಯ’ ಹೊರಲಾರದು. ‘ಪಕ್ಷದ್ರೋಹಿ’ ಬರೆಯಿರಿ, ಉದ್ಧರಣ ಚಿಹ್ನೆಯೊಳಗೆ. ಬೈದವರು ಜನ, ನೀವಲ್ಲ ಎಂದು ತಿಳಿಯಲಿ.

ಮರು: ಧನ್ಯವಾದ, ಹಾಗೆಯೇ ಹಾಕಿದೆ. ‘ಸಿಡಿದವರು’ ಕೂಡ ವ್ಯರ್ಥವಾಗಲಿಲ್ಲ. 1992ರಲ್ಲಿ ಮಿತ್ಸೊಟಾಕಿಸ್ ವಿದೇಶಾಂಗ ಖಾತೆಯಿಂದ ಕಿತ್ತುಹಾಕಿದ ಸಮರಾಸ್, ಮರುವರ್ಷ ಹೊಸ ಪಕ್ಷ ಕಟ್ಟಿ ಅವರದೇ ಸರ್ಕಾರವನ್ನು ಕೆಡವಿದರಲ್ಲ, ಆ ಸಾಲಿಗೆ ಸರಿಯಾಗಿ ಕೂತಿತು.

ಮರು: ‘ದ್ರೋಹಿ’ಯೂ ಸಂಸ್ಕೃತವೇ.

ಮರು: ಪುಟ ಹೋಗಿದೆ ಸ್ವಾಮಿ.