ಹವಾಮಾನ ಬದಲಾಗಿದೆ ಎಂದು ಒಪ್ಪುವ ನಮ್ಮೂರಿನವರು ರೂಢಿ ಬದಲಿಸಲು ಏಕೆ ಹಿಂದೆಗೆಯುತ್ತಾರೆ?

ಪ್ರಶ್ನೆ (ಪ್ರೌಢಶಾಲಾ ಶಿಕ್ಷಕಿ, ಕುಮಟಾ ತಾಲೂಕು)

ನಮ್ಮ ಶಾಲೆಯ ಮಕ್ಕಳು ಈ ವರ್ಷ ಅಘನಾಶಿನಿ ದಡದ ಊರುಗಳಲ್ಲಿ ಮನೆಮನೆಗೆ ಹೋಗಿ ಹವಾಮಾನದ ಬಗ್ಗೆ ಜನರನ್ನು ಮಾತನಾಡಿಸಿದರು. ಏನೂ ಬದಲಾಗಿಲ್ಲ ಎಂದವರು ಒಬ್ಬರೂ ಸಿಗಲಿಲ್ಲ. ಉಪ್ಪುನೀರು ನುಗ್ಗುವ ಗಜನಿ ಗದ್ದೆಯಲ್ಲಿ, ಆ ಉಪ್ಪನ್ನು ತಾಳುವ ಕಗ್ಗ ಭತ್ತ ಬೆಳೆಯುವವರು ಮಳೆ ಹೊತ್ತಿಗೆ ಬಾರದೆ, ಬಂದಾಗ ಒಮ್ಮೆಗೇ ಸುರಿದು ಹೋಗುವುದನ್ನು ವಿವರವಾಗಿ ಹೇಳಿದರು. 2024ರ ಜುಲೈನಲ್ಲಿ ಅಂಕೋಲಾ ತಾಲೂಕಿನ ಶಿರೂರಿನ ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದನ್ನು ನೆನೆಯದ ಮನೆಯೇ ಇರಲಿಲ್ಲ. ಆದರೆ ‘ಇದಕ್ಕಾಗಿ ನೀವು ಯಾವ ರೂಢಿಯನ್ನು ಬಿಡಬಲ್ಲಿರಿ’ ಎಂದು ಕೇಳಿದೊಡನೆ ಮಾತು ನಿಂತುಹೋಗುತ್ತಿತ್ತು. ಹೆಚ್ಚಿನವರು ‘ನಾವೊಬ್ಬರು ಬಿಟ್ಟರೆ ಏನಾದೀತು, ಉಳಿದವರು ಬಿಡಬೇಕಲ್ಲ’ ಎಂದರು. ಮಕ್ಕಳು ಇದನ್ನು ಜನರ ಉದಾಸೀನವೆಂದು ಬರೆದು ಗ್ರಾಮಸಭೆಯಲ್ಲಿ ಓದಲು ಹೊರಟಿದ್ದಾರೆ. ಹಾಗೆ ಬರೆಯುವುದು ನ್ಯಾಯವೇ, ಅಥವಾ ನಾವು ಕೇಳಿದ ಪ್ರಶ್ನೆಯೇ ಸರಿಯಿರಲಿಲ್ಲವೇ ಎಂಬುದನ್ನು ತಿಳಿದವರು ಹೇಳಬೇಕಾಗಿ ವಿನಂತಿ.

ಉತ್ತರ (ಮೂಲತಃ ಹೊನ್ನಾವರದವರು, ಈಗ ಧಾರವಾಡದಲ್ಲಿ ಉಪನ್ಯಾಸಕರು)

ದಯವಿಟ್ಟು ಉದಾಸೀನವೆಂದು ಬರೆಯಬೇಡಿ. 2024ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಗಾಗಿ 125 ದೇಶಗಳ ಸುಮಾರು 1,30,000 ಜನರನ್ನು ಮಾತನಾಡಿಸಲಾಗಿತ್ತು. ತಾಪಮಾನ ಏರಿಕೆಯನ್ನು ತಡೆಯಲು ಮನೆಯ ತಿಂಗಳ ಆದಾಯದಲ್ಲಿ ಶೇ 1ರಷ್ಟನ್ನು ಕೊಡಲು ಸಿದ್ಧ ಎಂದವರು ಶೇ 69 ಮಂದಿ. ನಿಮ್ಮ ದೇಶದಲ್ಲಿ ಇನ್ನೆಷ್ಟು ಜನ ಹೀಗೆ ಕೊಟ್ಟಾರು ಎಂದು ಅವರನ್ನೇ ಕೇಳಿದಾಗ ಬಂದ ಅಂದಾಜಿನ ಸರಾಸರಿ ಶೇ 43 ಮಾತ್ರ. ಅಂದರೆ ತಾನು ಸಿದ್ಧನಿದ್ದರೂ ನೆರೆಯವನು ಸಿದ್ಧನಿಲ್ಲ ಎಂಬ ತಪ್ಪು ಲೆಕ್ಕ ಊರೂರಲ್ಲೂ ಇದೆ, ಮತ್ತು ನಿಮ್ಮ ಮಕ್ಕಳು ಕೇಳಿಸಿಕೊಂಡದ್ದು ಅದನ್ನೇ. ಬಾಯಲ್ಲಿ ಒಪ್ಪುವುದಕ್ಕೂ ಕೈಯಿಂದ ಕೊಡುವುದಕ್ಕೂ ಅಂತರವಿದೆ, ನಿಜ; ಆದರೂ ಮನಸ್ಸೇ ಇಲ್ಲ ಎನ್ನುವ ತೀರ್ಮಾನ ಈ ಅಂಕಿಗಳ ಮುಂದೆ ನಿಲ್ಲುವುದಿಲ್ಲ.

ಶಿರೂರಿನ ಬಗ್ಗೆ ಒಂದು ಮಾತು. ಅಲ್ಲಿ ಮಳೆಯ ಜೊತೆಗೆ ಹೆದ್ದಾರಿಗಾಗಿ ಗುಡ್ಡವನ್ನು ಕಡಿದಾಗಿ ಕತ್ತರಿಸಿದ್ದೂ ಇದೆ. ಎಲ್ಲವನ್ನೂ ಹವಾಮಾನದ ಲೆಕ್ಕಕ್ಕೆ ಬರೆದುಬಿಟ್ಟರೆ ಗುಡ್ಡ ಕಡಿಯುವ ಕ್ರಮವನ್ನು ಪ್ರಶ್ನಿಸುವವರು ಯಾರೂ ಉಳಿಯುವುದಿಲ್ಲ. ವರದಿಯಲ್ಲಿ ಇದೂ ಇರಲಿ.

ಉತ್ತರ (ಅಡಿಕೆ ಬೆಳೆಗಾರರು, ಶಿರಸಿ)

ಜನ ರೂಢಿ ಬದಲಿಸುವುದಿಲ್ಲ ಎಂಬ ಮಾತನ್ನು ಘಟ್ಟದ ಮೇಲಿನವನಾಗಿ ನಾನು ಒಪ್ಪಲಾರೆ. 1983ರಲ್ಲಿ ಸಾಲ್ಕಣಿಯ ಕಾಡಿನಲ್ಲಿ ಮರ ಕಡಿಯುವುದನ್ನು ತಡೆಯಲು ಅವುಗಳನ್ನು ಅಪ್ಪಿ ನಿಂತವರು ನಮ್ಮ ಸೀಮೆಯವರೇ. ಆದರೆ ನಾನು ಹೇಳಹೊರಟಿರುವುದು ಅಷ್ಟು ಹೆಸರಾಗದ ಇನ್ನೊಂದು ಸಂಗತಿ, ಗೋಬರ್ ಗ್ಯಾಸಿನದು. ದೇಶದ ಎಷ್ಟೋ ಕಡೆ ಸಬ್ಸಿಡಿಗಾಗಿ ಕಟ್ಟಿದ ಘಟಕಗಳು ಹಾಳುಬಿದ್ದ ಕಾಲದಲ್ಲಿ ಶಿರಸಿ ಸೀಮೆಯ ಮನೆಗಳಲ್ಲಿ ಅವು ನಿಲ್ಲದೆ ನಡೆಯುತ್ತಿದ್ದವು. 2001ರಲ್ಲಿ ಇದರ ಮೇಲೆ ಒಂದು ಸಂಶೋಧನಾ ಲೇಖನವೇ ಪ್ರಕಟವಾಗಿದೆ. ನಮ್ಮವರಿಗೆ ಭೂಮಿಯ ಚಿಂತೆ ಉಳಿದವರಿಗಿಂತ ಹೆಚ್ಚು ಎಂಬುದಲ್ಲ ಅದರ ಕಾರಣ. ಕಟ್ಟುವ ಕೆಲಸ ಬಲ್ಲ ಗಾರೆಯವರು ಹತ್ತಿರದಲ್ಲೇ ಇದ್ದರು, ಘಟಕ ಕೆಟ್ಟರೆ ಬಂದು ಸರಿಮಾಡುವ ಹೊಣೆಯನ್ನು ಕಟ್ಟಿಸಿಕೊಟ್ಟವರೇ ಹೊತ್ತಿದ್ದರು, ಮತ್ತು ಪಕ್ಕದ ಮನೆಯ ಒಲೆಯಲ್ಲಿ ನೀಲಿ ಉರಿ ಏಳುವುದನ್ನು ಪ್ರತಿಯೊಬ್ಬರೂ ಕಣ್ಣಾರೆ ನೋಡಿದ್ದರು.

ನಮ್ಮ ಮನೆಯಲ್ಲಿ ಬೆಳಿಗ್ಗೆ ಕೊಟ್ಟಿಗೆ ಬಾಚಿದ ಮೇಲೆ ಸಗಣಿಗೆ ಅಷ್ಟೇ ನೀರು ಹಾಕಿ, ಗಂಟು ಒಡೆದು, ಹುಲ್ಲುಕಡ್ಡಿಗಳನ್ನು ಕೈಯಿಂದಲೇ ಆರಿಸಿ ತೆಗೆದು ತೊಟ್ಟಿಯಿಂದ ಒಳಕ್ಕೆ ಬಿಡುತ್ತೇವೆ. ಕಡ್ಡಿ ಒಳಗೆ ಹೋದರೆ ಮೇಲೆ ಕೆನೆಗಟ್ಟಿ ಗ್ಯಾಸ್ ಕಡಿಮೆಯಾಗುತ್ತದೆ. ಗ್ಯಾಸ್ ಬಿಟ್ಟು ಹೊರಬರುವ ಸಗಣಿಯ ಬಗ್ಗಡ, ಅಂದರೆ ಸ್ಲರಿ, ತೋಟಕ್ಕೆ ಹೋಗುತ್ತದೆ, ಅಡುಗೆಗೆ ಕಟ್ಟಿಗೆ ಬೇಕಾಗುವುದಿಲ್ಲ, ತೋಟಕ್ಕೆ ಸೊಪ್ಪು, ಮನೆಗೆ ಕಟ್ಟಿಗೆ ತರುವ ಸೊಪ್ಪಿನ ಬೆಟ್ಟದ ಮೇಲಿನ ಭಾರವೂ ಅಷ್ಟು ಇಳಿಯುತ್ತದೆ. ಇಷ್ಟು ಅನುಕೂಲ ಕಂಡದ್ದರಿಂದಲೇ ಜನ ಈ ದಿನನಿತ್ಯದ ಕೆಲಸವನ್ನು ಒಪ್ಪಿಕೊಂಡರು. ಈಗ ಕೊಟ್ಟಿಗೆಯಲ್ಲಿ ದನ ಕಡಿಮೆಯಾಗಿ, ಸಿಲಿಂಡರ್ ಬಾಗಿಲಿಗೇ ಬರುವಂತಾದ ಮೇಲೆ ಘಟಕ ನಿಲ್ಲಿಸಿದ ಮನೆಗಳೂ ಇವೆ, ಅದು ನನಗೆ ನೋವಿನ ವಿಷಯ. ಆದ್ದರಿಂದ ಮಕ್ಕಳು ‘ಏನನ್ನು ಬಿಡುತ್ತೀರಿ’ ಎಂದು ಕೇಳುವ ಬದಲು ‘ನೆರೆಮನೆಯವರು ಏನು ಮಾಡಿದ್ದನ್ನು ನೋಡಿ ನೀವೂ ಮಾಡಿದಿರಿ, ಅದು ಕೆಟ್ಟಾಗ ಯಾರನ್ನು ಕರೆದಿರಿ’ ಎಂದು ಕೇಳಲಿ.

ಉತ್ತರ (ಮೀನುಗಾರ ಕುಟುಂಬದವರು, ಕಾರವಾರ)

ಅಕ್ಕೋರೆ, ‘ಉಳಿದವರು ಬಿಡಬೇಕಲ್ಲ’ ಎನ್ನುವುದು ನೆಪವಲ್ಲ, ಸಮುದ್ರದಲ್ಲಿ ಅದು ಹೊಟ್ಟೆಪಾಡಿನ ಲೆಕ್ಕ. ನಾನೊಬ್ಬ ಮರಿ ಬಂಗಡೆಯನ್ನು ಬಿಟ್ಟು ಬಂದರೆ ಹಿಂದಿನ ಬೋಟಿನವರು ಅದನ್ನು ಬಾಚುತ್ತಾರೆ. ಆದರೆ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮೀನುಗಾರಿಕೆ ನಿಷೇಧವಿರುವುದರಿಂದ ಯಾಂತ್ರಿಕ ಬೋಟುಗಳೆಲ್ಲ ಬಂದರಿನಲ್ಲೇ ನಿಲ್ಲುತ್ತವೆ. ನಿಯಮ ಎಲ್ಲರಿಗೂ ಒಂದೇ ಆದ್ದರಿಂದ ಸಾಲವಿದ್ದವರೂ ಅದನ್ನು ಪಾಲಿಸುತ್ತಾರೆ. ಬೆಳಕು ಹಾಯಿಸಿ ಮೀನು ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ. ಅದು ಕಾಗದದಲ್ಲಿ ಉಳಿದ ಕಡೆ ನಿಯಮ ಪಾಲಿಸುವವನೇ ನಷ್ಟಕ್ಕೆ ಬೀಳುತ್ತಾನೆ, ಮುಂದಿನ ವರ್ಷ ಅವನೂ ದೀಪ ಕಟ್ಟುತ್ತಾನೆ. ಗ್ರಾಮಸಭೆಯಲ್ಲಿ ಮಕ್ಕಳು ಜನರನ್ನಷ್ಟೇ ಅಲ್ಲ, ಇಲಾಖೆಯವರನ್ನೂ ಪ್ರಶ್ನೆ ಕೇಳಲಿ ಎಂಬುದು ನನ್ನ ಕೋರಿಕೆ.

ಪ್ರಶ್ನೆ ಕೇಳಿದವರ ಮಾತು

ಎಲ್ಲರಿಗೂ ಕೃತಜ್ಞತೆಗಳು. ‘ಉದಾಸೀನ’ ಎಂಬ ಮಾತನ್ನು ಮಕ್ಕಳೇ ಹೊಡೆದುಹಾಕಿದ್ದಾರೆ. ಬರುವ ಭಾನುವಾರ ಅದೇ ಮನೆಗಳಿಗೆ ಮತ್ತೆ ಹೋಗಿ, ಬೇರೆ ಯಾರು ಯಾರು ಸಿದ್ಧರಿದ್ದಾರೆ ಎಂಬುದನ್ನು ಊರಿನವರಿಗೆ ತಿಳಿಸಿ, ನಂತರ ಹೊಸ ಪ್ರಶ್ನೆಯನ್ನು ಕೇಳಲಿದ್ದಾರೆ. ಶಿರಸಿಯವರಲ್ಲಿ ಇನ್ನೊಂದು ವಿಚಾರಣೆ: ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿ ಎರಡು ಮೂರು ದನಗಳಿಗಿಂತ ಹೆಚ್ಚಿಲ್ಲ. ಅಷ್ಟರಲ್ಲಿ ಗೋಬರ್ ಗ್ಯಾಸ್ ನಡೆದೀತೇ?

ಉತ್ತರ (ಅಡಿಕೆ ಬೆಳೆಗಾರರು, ಶಿರಸಿ)

ದಿನಕ್ಕೆ ಒಂದು ಘನಮೀಟರ್ ಗ್ಯಾಸ್ ಕೊಡುವ ಘಟಕಕ್ಕೆ ದಿನಕ್ಕೆ ಸುಮಾರು 25 ಕಿಲೋ ಸಗಣಿ ಬೇಕು. ಕಟ್ಟಿ ಮೇಯಿಸುವ ಮೂರು ದನಗಳಿದ್ದರೆ ಸಾಕಾಗುತ್ತದೆ, ಮೇಯಲು ಬಿಟ್ಟರೆ ಸಾಲುವುದಿಲ್ಲ. ಸಾಬೂನಿನ ನೀರು ಮಾತ್ರ ಒಳಗೆ ಹೋಗಬಾರದು. ಚಳಿಗಾಲದಲ್ಲಿ ನಮ್ಮಲ್ಲಿ ಗ್ಯಾಸ್ ಇಳಿಯುತ್ತದೆ, ಕರಾವಳಿಯ ಸೆಕೆಯಲ್ಲಿ ನಿಮಗೆ ಆ ತೊಂದರೆ ಕಡಿಮೆ. ಎರಡೇ ದನಗಳಿರುವ ಮನೆಯವರು ಪಕ್ಕದ ಮನೆಯ ಸಗಣಿಯನ್ನೂ ಸೇರಿಸಿಕೊಳ್ಳುವ ಒಪ್ಪಂದವನ್ನು ಕಟ್ಟಿಸುವ ಮೊದಲೇ ಮಾಡಿಕೊಳ್ಳುವುದು ಒಳ್ಳೆಯದು.