ಭಾವಿನಾ ಪಟೇಲ್ ಆಡುವ ಕ್ಲಾಸ್ 4: ಸರ್ವ್ ಪಕ್ಕಕ್ಕೆ ಹೋದರೆ ಪಾಯಿಂಟ್ ಯಾಕಿಲ್ಲ?

ಬಿಳಿಚೆಂಡು:
ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತದ ಭಾವಿನಾ ಆಡಿದ ವೀಲ್‌ಚೇರ್ ಟೇಬಲ್ ಟೆನಿಸ್ ಪಂದ್ಯಗಳನ್ನು ನೋಡುವಾಗ ಮೂರು ಪ್ರಶ್ನೆ. ಮೊದಲ ಪಂದ್ಯದಲ್ಲೇ ಚೀನಾದ ಝೌ ಯಿಂಗ್‌ಗೆ 0-3 ಸೋತವರು ಫೈನಲ್‌ಗೆ ಬಂದದ್ದು ಹೇಗೆ? ಕ್ಲಾಸ್ 4 ಅಂದರೇನು? ಸರ್ವ್ ಪಕ್ಕದಿಂದ ಹೊರಗೆ ಹೋದರೆ ಅಂಪೈರ್ ಮತ್ತೆ ಮಾಡಿಸುವುದು ಯಾಕೆ? ವೀಲ್‌ಚೇರಿನಲ್ಲಿ ಆಡುವ ಮಕ್ಕಳಿಗೆ ಕಲಿಸಲು ಬೇಕಿತ್ತು.

ಎಡಗೈ ಸ್ಪಿನ್:
ಮೊದಲ ಪ್ರಶ್ನೆಗೆ: ಆ ಸೋಲು ಗುಂಪಿನ ಹಂತದ್ದು. ಗುಂಪಿನಿಂದ ಇಬ್ಬರು ಮುಂದೆ ಹೋಗುತ್ತಿದ್ದರು. ಭಾವಿನಾ ಬ್ರಿಟನ್ನಿನ ಮೇಗನ್ ಶ್ಯಾಕಲ್ಟನ್ ಅವರನ್ನು 3-1ರಲ್ಲಿ ಸೋಲಿಸಿ ಉಳಿದುಕೊಂಡರು. ಆಮೇಲೆ ಕ್ವಾರ್ಟರ್‌ಫೈನಲ್‌ನಲ್ಲಿ ರಿಯೊ ಚಾಂಪಿಯನ್, ಸರ್ಬಿಯಾದ ಬೊರಿಸ್ಲಾವಾ ಪೆರಿಚ್ ರಾಂಕೊವಿಚ್ ಅವರ ಮೇಲೆ 11-5, 11-6, 11-7. ಅಲ್ಲಿಗೇ ಪದಕ ಖಚಿತ, ಏಕೆಂದರೆ ಸೆಮಿಫೈನಲ್ ಸೋತ ಇಬ್ಬರಿಗೂ ಕಂಚು. ನನ್ನ ಪ್ರಕಾರ ಅವರ ಅತಿ ದೊಡ್ಡ ಪಂದ್ಯ ಸೆಮಿಫೈನಲ್: ಅದುವರೆಗೆ ಒಮ್ಮೆಯೂ ಸೋಲಿಸಿರದ ಚೀನಾದ ಝಾಂಗ್ ಮಿಯಾವೊ ಎದುರು 7-11, 11-7, 11-4, 9-11, 11-8. 2021ರ ಆಗಸ್ಟ್ 29ರ ಫೈನಲ್‌ನಲ್ಲಿ ಝೌ ಯಿಂಗ್ ಮತ್ತೆ 3-0. ಆದರೂ ಪ್ಯಾರಾಲಿಂಪಿಕ್ಸ್ ಟೇಬಲ್ ಟೆನಿಸ್‌ನಲ್ಲಿ ಭಾರತಕ್ಕೆ ಅದೇ ಮೊದಲ ಪದಕ. ಭಾವಿನಾ ಗುಜರಾತಿನ ಮೆಹ್ಸಾಣಾ ಜಿಲ್ಲೆಯ ಸುಂಧಿಯಾ ಊರಿನವರು, ಒಂದು ವರ್ಷದ ಮಗುವಾಗಿದ್ದಾಗ ಪೋಲಿಯೊ, ಆಟ ಹಿಡಿದದ್ದು ಅಹಮದಾಬಾದಿನ ಅಂಧಜನ ಮಂಡಳ ಎಂಬ ಸಂಸ್ಥೆಯಲ್ಲಿ.

ಮೂರನೇ ಚೆಂಡು:
ಉಳಿದ ಎರಡು ಪ್ರಶ್ನೆಗೆ: ಕ್ಲಾಸ್ ಅಂದರೆ ವೈಕಲ್ಯಕ್ಕೆ ತಕ್ಕ ವಿಭಾಗ. 1ರಿಂದ 5 ವೀಲ್‌ಚೇರ್, 6ರಿಂದ 10 ನಿಂತು ಆಡುವವರು, 11 ಬೌದ್ಧಿಕ ವೈಕಲ್ಯ. ಕ್ಲಾಸ್ 4ರಲ್ಲಿ ಕೈಗಳು ಗಟ್ಟಿ, ಕೂತಲ್ಲಿ ಸಮತೋಲನವೂ ಇದೆ. ಆದರೆ ಸೊಂಟ-ತೊಡೆ ಊರಿಕೊಳ್ಳುವ ಬಲವಿಲ್ಲದ್ದರಿಂದ ಮುಂದಕ್ಕೆ ಬಾಗಿ ತಟ್ಟನೆ ಹಿಂದೆ ಬರುವುದು ಕಷ್ಟ. ಸರ್ವ್ ನಿಯಮ ಹುಟ್ಟಿದ್ದೇ ಇಲ್ಲಿಂದ. ಸಿಂಗಲ್ಸ್‌ನಲ್ಲಿ ಸರ್ವ್ ಎದುರಾಳಿಯ ಕಡೆ ಪುಟಿದು ಪಕ್ಕದ ಗೆರೆ ದಾಟಿದರೆ, ನೆಟ್ ಕಡೆಗೆ ವಾಪಸ್ ಬಂದರೆ ಅಥವಾ ಅಲ್ಲೇ ನಿಂತುಬಿಟ್ಟರೆ ಲೆಟ್, ಅಂದರೆ ಯಾರಿಗೂ ಪಾಯಿಂಟ್ ಇಲ್ಲದೆ ಮತ್ತೆ ಸರ್ವ್. ಇಲ್ಲದಿದ್ದರೆ ಕೈಗೆಟುಕದ ಮೂಲೆಗೆ ಸರ್ವ್ ಹಾಕಿಯೇ ಪಂದ್ಯ ಮುಗಿಸಬಹುದಿತ್ತು. ಒಂದು ಎಚ್ಚರ: ಪಕ್ಕದ ಗೆರೆ ದಾಟುವ ಮೊದಲೇ ಎದುರಾಳಿ ಹೊಡೆದುಬಿಟ್ಟರೆ ಲೆಟ್ ಇಲ್ಲ, ಆಟ ಮುಂದುವರಿಯುತ್ತದೆ. ಮಕ್ಕಳು ಆಸೆಗೆ ಬಿದ್ದು ಬ್ಯಾಟ್ ಚಾಚಿ, ವಾಲಿ, ಸುಲಭದ ಪಾಯಿಂಟ್ ಕೊಡುವುದು ಇಲ್ಲೇ. ಬಿಡುವುದನ್ನು ಮೊದಲು ಕಲಿಸಿ.

ರ‍್ಯಾಲಿ ಶುರುವಾದ ಮೇಲೆ ಈ ರಕ್ಷಣೆ ಇಲ್ಲ. ಹಾಗಾಗಿ ಒಂದು ಚೆಂಡು ಉದ್ದಕ್ಕೆ, ಎದುರಾಳಿ ಹೊಡೆಯುವ ಕೈಯ ಮೊಣಕೈ ಕಡೆಗೆ. ಮುಂದಿನದು ನೆಟ್ ಹತ್ತಿರ ಸಣ್ಣದಾಗಿ ಅಥವಾ ಅಗಲಕ್ಕೆ. ಅಭ್ಯಾಸಕ್ಕೆ ಕೊನೆಯ ಗೆರೆಯಿಂದ ಒಂದು ಗೇಣು ಒಳಗೆ ಕಾಗದ ಅಂಟಿಸಿ ಬ್ಯಾಕ್‌ಹ್ಯಾಂಡ್ ತಳ್ಳಿಸಿ. ಚೆಂಡು ಟೇಬಲ್ ನಡುವೆ ಬಿದ್ದರೆ ಎದುರಾಳಿ ಕೂತಲ್ಲೇ ಹೊಡೆಯುತ್ತಾರೆ.

ಬಿಳಿಚೆಂಡು:
ಸಲಕರಣೆ?

ಎಡಗೈ ಸ್ಪಿನ್:
ಮೊದಲು ಟೇಬಲ್ ಕಾಲು ಅಳೆಯಿರಿ. ಕೊನೆಯ ಗೆರೆಯಿಂದ ಕನಿಷ್ಠ 40 ಸೆಂ.ಮೀ. ಒಳಗಿರಬೇಕು, ಇಲ್ಲದಿದ್ದರೆ ಮೊಣಕಾಲು, ಪಾದದ ಹಲಗೆ ಬಡಿಯುತ್ತವೆ. ಆಸನದ ಮೇಲೆ ದಿಂಬು ಒಂದು ಅಥವಾ ಎರಡು, ಒಟ್ಟು ಎತ್ತರ 15 ಸೆಂ.ಮೀ. ಮೀರುವಂತಿಲ್ಲ. ಮೆತ್ತನೆಯ ಸ್ಪಂಜು ಬೇಡ, ಎಟುಕು ಹೆಚ್ಚಿದರೂ ಮೈ ಓಲಾಡುತ್ತದೆ. ಹೊಡೆಯುವಾಗ ತೊಡೆಯ ಹಿಂಭಾಗ ಆಸನಕ್ಕೆ ತಾಗಿರಲೇಬೇಕು. ಆಟದ ನಡುವೆ ಪಾದ ಅಥವಾ ಅದರ ಹಲಗೆ ನೆಲಕ್ಕೆ ತಾಗಿದರೆ ಪಾಯಿಂಟ್ ಹೋಯಿತು. ಹೊಡೆದ ಮೇಲೆ ಸಮತೋಲನಕ್ಕೆ ಬ್ಯಾಟ್ ಹಿಡಿದ ಕೈಯನ್ನು ಟೇಬಲ್ ಮೇಲೆ ಊರಬಹುದು, ಹೊಡೆಯುವ ಮೊದಲು ಊರುವಂತಿಲ್ಲ. ಟೇಬಲ್ ಅಲುಗಲೂಬಾರದು.

ಮೂರನೇ ಚೆಂಡು:
ಇನ್ನೊಂದು. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್‌ನಲ್ಲಿ 3ರಿಂದ 5ರ ಕ್ಲಾಸ್‌ಗಳನ್ನು ಒಟ್ಟುಗೂಡಿಸಿದ್ದರು. ಅಂದರೆ ತನಗಿಂತ ಹೆಚ್ಚು ಬಾಗಬಲ್ಲ ಕ್ಲಾಸ್ 5ರವರೂ ಇದ್ದ ವಿಭಾಗದಲ್ಲಿ ಭಾವಿನಾ ಚಿನ್ನ ಗೆದ್ದರು. ಪ್ಯಾರಿಸ್ 2024ರ ಕ್ವಾರ್ಟರ್‌ಫೈನಲ್‌ನಲ್ಲಿ ಮತ್ತೆ ಝೌ ಯಿಂಗ್: 12-14, 9-11, 11-8, 6-11. ಟೋಕಿಯೊ ಫೈನಲ್ 7-11, 5-11, 6-11 ಆಗಿತ್ತು. ಎರಡನ್ನೂ ಮಕ್ಕಳೊಂದಿಗೆ ಒಟ್ಟಿಗೆ ನೋಡಿ, ಭಾವಿನಾ ಸರ್ವ್‌ನ ಮೂರನೇ ಚೆಂಡು (ಸರ್ವ್, ಎದುರಾಳಿಯ ಉತ್ತರ, ಆಮೇಲೆ ಅವರೇ ಹೊಡೆಯುವುದು) ಎಲ್ಲಿ ಬೀಳುತ್ತದೆಂದು ಒಂದು ಹಾಳೆಯಲ್ಲಿ ಚುಕ್ಕೆ ಹಾಕಿಸಿ.