ಜಿಪಿಎಸ್ ಮುಟ್ಟದೆ ಡಿಸಿ-6ಬಿಯಲ್ಲಿ ಮುಂಬೈಯಿಂದ ಏಡನ್‌ಗೆ: ಗೊತ್ತಿರುವವರು ಹೇಳಿ

ಮಡಿಕೇರಿಯಿಂದ ಪ್ರಶ್ನೆ:
ಕಂಪ್ಯೂಟರಿನ ವಿಮಾನ ಸಿಮ್ಯುಲೇಟರಿನಲ್ಲಿ ಡಿಸಿ-6ಬಿ (ನಾಲ್ಕು ಪ್ರೊಪೆಲ್ಲರಿನ ಹಳೆಯ ವಿಮಾನ) ತೆಗೆದುಕೊಂಡು ಮುಂಬೈಯಿಂದ ಯೆಮೆನ್‌ನ ಏಡನ್‌ಗೆ ಹೋಗಬೇಕು, ಐವತ್ತರ ದಶಕದ ರೀತಿಯಲ್ಲೇ. ಮುಂಬೈ ವಿಒಆರ್ (ದಿಕ್ಕು ತಿಳಿಸುವ ನೆಲದ ರೇಡಿಯೋ ಕೇಂದ್ರ) ಕೈಬಿಟ್ಟ ಮೇಲೆ ಐದಾರು ಗಂಟೆ ಕೆಳಗೆ ಬರೀ ನೀರು. ಕೊನೆಗೆ ದಡ ಕಂಡರೂ ಅದು ಎಲ್ಲಿಯ ದಡ ಅಂತ ತಿಳಿಯುವುದಿಲ್ಲ. ದಾರಿ ಲೆಕ್ಕ ಇಡುವುದು ಹೇಗೆ? ನಕ್ಷತ್ರ ನೋಡುವುದನ್ನು ಕಲಿಯಲೇಬೇಕಾ?

ವಿರಾಜಪೇಟೆಯಿಂದ:
ನಕ್ಷತ್ರ ಆಮೇಲೆ, ಮೊದಲು ಗಾಳಿ. ಸಮುದ್ರದ ಮೇಲೆ ದಾರಿ ತಪ್ಪಿಸುವುದು ಅದೇ. ವಿಒಆರ್ ಸಿಗುವ ಮೊದಲ ನೂರು ಮೈಲಿಯಲ್ಲೇ (ಇಲ್ಲಿ ಮೈಲಿ ಅಂದರೆ ನಾಟಿಕಲ್ ಮೈಲಿ) ಗಾಳಿಯನ್ನು ಅಳೆದುಬಿಡಿ.

18,000 ಅಡಿಗೆ ಏರಿ ವೇಗ ನೆಲೆಯಾಗಲಿ. ಸೂಚಿತ ವೇಗ (ಮುಳ್ಳು ತೋರಿಸುವುದು) 190 ನಾಟ್, ಅಂದರೆ ಗಂಟೆಗೆ 190 ಮೈಲಿ, ಇದ್ದರೆ ಸಾವಿರ ಅಡಿಗೆ ಶೇ. 2ರಂತೆ ಕೂಡಿಸಿ: ನಿಜವೇಗ (ಗಾಳಿಯೊಳಗೆ ನಿಜಕ್ಕೂ ಹೋಗುವ ವೇಗ) 258. ಈ ಹೆಬ್ಬೆರಳ ಲೆಕ್ಕ ನಮ್ಮ ಕಡೆಯ ಬೆಚ್ಚಗಿನ ಗಾಳಿಗೆ ಸರಿಹೊಂದುತ್ತದೆ, ಆ ಎತ್ತರದಲ್ಲಿ ಹೊರಗೆ ಮೈನಸ್ 9 ಡಿಗ್ರಿ ಇದ್ದರೆ. ಮೈನಸ್ 21 ಇದ್ದರೆ ನಿಜವೇಗ 252 ಮಾತ್ರ. ಆರು ನಾಟ್ ತಾನೆ ಅನ್ನಬೇಡಿ, ಆರು ಗಂಟೆಗೆ 36 ಮೈಲಿ ಆಗುತ್ತದೆ. ಥರ್ಮಾಮೀಟರ್ ನೋಡಿಯೇ ಲೆಕ್ಕ ಹಾಕಿ.

263 ರೇಡಿಯಲ್ (ವಿಒಆರ್‌ನಿಂದ 263 ಡಿಗ್ರಿ ದಿಕ್ಕಿಗೆ ಹೊರಡುವ ರೇಖೆ) ಮೇಲೆ ಡಿಎಂಇ (ಕೇಂದ್ರದಿಂದ ದೂರ ತೋರಿಸುವ ಉಪಕರಣ) 40 ತೋರಿಸಿದಾಗ ಗಡಿಯಾರ ಒತ್ತಿ, ಹೆಡಿಂಗ್ (ಮೂಗು ತೋರಿಸುವ ದಿಕ್ಕು) 263 ಹಿಡಿದು ಕೈ ಕಟ್ಟಿ ಕೂರಿ. ರೇಡಿಯಲ್ ಸರಿಯುತ್ತಿದ್ದರೂ ತಿದ್ದಬೇಡಿ. ಡಿಎಂಇ 100ಕ್ಕೆ ಬಂದಾಗ ರೇಡಿಯಲ್ 266 ಆಗಿದೆ, 15 ನಿಮಿಷ ಹಿಡಿದಿದೆ ಅಂತಿಟ್ಟುಕೊಳ್ಳಿ. ಡ್ರಿಫ್ಟ್ (ಗಾಳಿ ಪಕ್ಕಕ್ಕೆ ತಳ್ಳುವ ಕೋನ) 3 ಡಿಗ್ರಿ ಅಂತ ಬರೆದುಕೊಳ್ಳುವುದೇ ಎಲ್ಲರೂ ಮಾಡುವ ತಪ್ಪು. ನೂರು ಮೈಲಿ ದೂರದಲ್ಲಿ 3 ಡಿಗ್ರಿ ಅಂದರೆ 5 ಮೈಲಿ ಪಕ್ಕಕ್ಕೆ. ಆ 5 ಮೈಲಿ ಸರಿದದ್ದು ನೀವು ಹಾರಿದ 60 ಮೈಲಿಯೊಳಗೆ. ಹಾಗಾಗಿ ಡ್ರಿಫ್ಟ್ 5 ಡಿಗ್ರಿ, ಬಲಕ್ಕೆ. ಎಡದಿಂದ ಅಡ್ಡಗಾಳಿ 21 ನಾಟ್. ನೆಲದ ವೇಗ 240, ಅಂದರೆ ಎದುರುಗಾಳಿ 18. ಎರಡನ್ನೂ ಸೇರಿಸಿದರೆ ಗಾಳಿ ಹೆಚ್ಚುಕಡಿಮೆ 213 ಡಿಗ್ರಿ ದಿಕ್ಕಿನಿಂದ 28 ನಾಟ್. ಇನ್ನು ಮುಂದೆ ಹೆಡಿಂಗ್ 258.

ಸಿಮ್ಯುಲೇಟರಿನಲ್ಲಿ ಗೈರೋ ಡ್ರಿಫ್ಟ್ ಆಯ್ಕೆ ಆನ್ ಇಟ್ಟಿದ್ದರೆ ಹೆಡಿಂಗ್ ಗೈರೋ (ತಿರುಗುವ ಚಕ್ರದಿಂದ ದಿಕ್ಕು ತೋರಿಸುವ ಉಪಕರಣ) ಈ ಅಕ್ಷಾಂಶದಲ್ಲಿ ಗಂಟೆಗೆ ನಾಲ್ಕು ಡಿಗ್ರಿಗೂ ಮೇಲೆ ಜಾರುತ್ತದೆ. ಕಾಲು ಗಂಟೆಗೊಮ್ಮೆ, ರೆಕ್ಕೆ ಸಮವಾಗಿರುವಾಗ, ದಿಕ್ಸೂಚಿಗೆ ಹೊಂದಿಸಿ. ತಿರುವಿನಲ್ಲಿ ಹೊಂದಿಸಿದರೆ ತಪ್ಪನ್ನೇ ಕೂರಿಸಿದ ಹಾಗೆ.

ಸೋಮವಾರಪೇಟೆಯಿಂದ:
ಗಾಳಿಯ ಲೆಕ್ಕ ಒಪ್ಪಿದೆ. ಆದರೆ ನೇರ ಏಡನ್‌ಗೆ ಗುರಿ ಇಡುವುದೇ ತಪ್ಪು. ಆರು ಗಂಟೆಯ ಲೆಕ್ಕದ ನಂತರ ಎಡಕ್ಕೋ ಬಲಕ್ಕೋ 50 ಮೈಲಿ ತಪ್ಪುವುದು ಸಹಜ. ದಡ ಕಂಡಾಗ ಯಾವ ಕಡೆಗೆ ತಿರುಗುತ್ತೀರಿ?

ಮುಂಬೈ–ಏಡನ್ ನೇರ ದಾರಿ ಸುಮಾರು 1,646 ಮೈಲಿ. ಹೊರಡುವಾಗ 261 ಡಿಗ್ರಿ, ತಲುಪುವಾಗ 253. ಅದರ ಬದಲು ಯೆಮೆನ್‌ನ ರಾಸ್ ಫರ್ತಕ್ ಭೂಶಿರಕ್ಕೆ ಗುರಿ ಇಡಿ. ಅದು ಸುಮಾರು 15.6 ಉತ್ತರ, 52.2 ಪೂರ್ವದಲ್ಲಿದೆ, ಸಮುದ್ರಕ್ಕೆ ಚಾಚಿದ ಎತ್ತರದ ಬಂಡೆ. ಮುಂಬೈಯಿಂದ 1,200 ಮೈಲಿ, ಅಲ್ಲಿಂದ ದಡ ಹಿಡಿದು ಏಡನ್‌ಗೆ ಇನ್ನು 450. ಒಟ್ಟು ಹೆಚ್ಚಾಗುವುದು ಐದಾರು ಮೈಲಿ ಅಷ್ಟೇ! ಹೊರಡುವ ದಿಕ್ಕು ಬದಲಾಗುವುದೂ ಎರಡೇ ಡಿಗ್ರಿ, 261 ಇದ್ದದ್ದು 263. ವಿರಾಜಪೇಟೆಯವರು ಆ ರೇಡಿಯಲನ್ನೇ ಯಾಕೆ ಹಿಡಿದರು ಅಂತ ಈಗ ಗೊತ್ತಾಯಿತಲ್ಲ.

ಬಲಕ್ಕೆ ತಪ್ಪಿದ್ದರೆ ದಡ ಬೇಗ ಸಿಗುತ್ತದೆ. ಎಡಕ್ಕೆ 50 ಮೈಲಿ ತಪ್ಪಿದ್ದರೂ ಹಳೆಯ ನೇರ ದಾರಿಯಲ್ಲೇ ಇರುತ್ತೀರಿ, ಅರೇಬಿಯಾದ ದಡ ಬಲಗಡೆಗೇ. ಎರಡರಲ್ಲೂ ಮಾಡಬೇಕಾದದ್ದು ಒಂದೇ: ದಡವನ್ನು ಬಲಕ್ಕೆ ಇಟ್ಟುಕೊಂಡು ಪಶ್ಚಿಮ-ನೈಋತ್ಯಕ್ಕೆ ಹೋಗುವುದು. ಬೇಕೆಂದೇ ಒಂದು ಪಕ್ಕಕ್ಕೆ ಗುರಿ ಇಡುವ ಈ ಉಪಾಯದಿಂದಲೇ ಒಂಟಿ ವಿಮಾನ ಸಾಹಸಿ ಫ್ರಾನ್ಸಿಸ್ ಚಿಚೆಸ್ಟರ್ 1931ರಲ್ಲಿ ಟಾಸ್ಮನ್ ಸಮುದ್ರದ ಪುಟ್ಟ ದ್ವೀಪಗಳನ್ನು ಹುಡುಕಿಕೊಂಡದ್ದು.

ಗ್ರೇಟ್ ಸರ್ಕಲ್ (ಭೂಗೋಳದ ಮೇಲಿನ ಅತಿ ಹತ್ತಿರದ ದಾರಿ, ಅದರಲ್ಲಿ ದಿಕ್ಕು ಬದಲಾಗುತ್ತಾ ಹೋಗುತ್ತದೆ) ಬಗ್ಗೆ ಇಲ್ಲಿ ತಲೆ ಕೆಡಿಸಿಕೊಳ್ಳಬೇಡಿ, ದಾರಿಯಲ್ಲಿ ಒಂದೆರಡು ಸಲ ಹೆಡಿಂಗ್ ತಿದ್ದಿದರೆ ಸಾಕು. ಕೆನಡಾದ ಗ್ಯಾಂಡರ್‌ನಿಂದ ಐರ್ಲೆಂಡಿನ ಶಾನನ್‌ಗೆ ಹಾರುವ ದಿನ ಬೇರೆ ಮಾತು: 65 ಡಿಗ್ರಿಯಲ್ಲಿ ಹೊರಟು 101ರಲ್ಲಿ ತಲುಪುತ್ತೀರಿ, ಅದರ ಮೇಲೆ ಕಾಂತೀಯ ವ್ಯತ್ಯಾಸವೂ (ದಿಕ್ಸೂಚಿಯ ಉತ್ತರಕ್ಕೂ ನಿಜ ಉತ್ತರಕ್ಕೂ ಇರುವ ಅಂತರ) ದಾರಿಯುದ್ದಕ್ಕೂ ಬದಲಾಗುತ್ತದೆ.

ನಾಪೋಕ್ಲುವಿನಿಂದ:
ನಕ್ಷತ್ರ ಬೇಡ ಅನ್ನುವವರಿಗೆ ಒಂದು ಮಾತು. ಈ ದಾರಿ ಹೆಚ್ಚುಕಡಿಮೆ ನೇರ ಪಶ್ಚಿಮಕ್ಕೆ. ಹಾಗಾಗಿ ಧ್ರುವ ನಕ್ಷತ್ರ ಒಂದೇ ಸಾಕು. ದಿಗಂತದಿಂದ ಅದು ಎಷ್ಟು ಡಿಗ್ರಿ ಎತ್ತರದಲ್ಲಿದೆಯೋ ಅದೇ ನಿಮ್ಮ ಅಕ್ಷಾಂಶ, ಎಡ-ಬಲದ ತಪ್ಪು ಅದರಲ್ಲೇ ಗೊತ್ತಾಗುತ್ತದೆ. ಒಂದು ಮಿನಿಟ್ ಕೋನಕ್ಕೆ ಒಂದು ಮೈಲಿ. ಮುಂದೆ ಎಷ್ಟು ಬಂದಿದ್ದೀರಿ ಅನ್ನುವುದನ್ನು ಮಾತ್ರ ಅದು ಹೇಳುವುದಿಲ್ಲ, ಅದಕ್ಕೆ ಸೂರ್ಯ. ಮಧ್ಯಾಹ್ನ ಮುಂಬೈ ಬಿಟ್ಟರೆ ಇಳಿಹೊತ್ತಿನ ಸೂರ್ಯ ಮೂಗಿನ ನೇರಕ್ಕೆ ಬರುತ್ತಾನೆ, ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಚೆನ್ನಾಗಿ. ಮುಂದಿರುವ ಸೂರ್ಯನಿಂದ ಸಿಗುವ ರೇಖೆ (ನೀವು ಅದರ ಮೇಲೆ ಎಲ್ಲೋ ಇದ್ದೀರಿ ಅಂತ) ದಾರಿಗೆ ಅಡ್ಡ ಬೀಳುತ್ತದೆ, ಅದರಿಂದ ನೆಲದ ವೇಗ ತಿದ್ದಿಕೊಳ್ಳಿ. ಕತ್ತಲಾದ ಮೇಲೆ ಧ್ರುವ.

ಎರಡು ಎಚ್ಚರಿಕೆ. ಧ್ರುವ ನಕ್ಷತ್ರ ಸರಿಯಾಗಿ ಧ್ರುವದಲ್ಲಿಲ್ಲ. ಈಗ ಮುಕ್ಕಾಲು ಡಿಗ್ರಿಗೂ ಕಡಿಮೆ ಅಂತರ, 1950ರಲ್ಲಿ ಸುಮಾರು ಒಂದು ಡಿಗ್ರಿ ಇತ್ತು. ನಾವಿಕರ ಪಂಚಾಂಗದಲ್ಲಿ ಕೊಡುವ ತಿದ್ದುಪಡಿ ಬಿಟ್ಟರೆ 40 ಮೈಲಿವರೆಗೆ ಮೋಸ, ಹಳೆಯ ವರ್ಷ ಇಟ್ಟುಕೊಂಡು ಹಾರಿದರೆ 60ರವರೆಗೆ. ಇನ್ನೊಂದು, ಸೂರ್ಯನ ಲೆಕ್ಕಕ್ಕೆ ಸಿಮ್ಯುಲೇಟರಿನ ಯುಟಿಸಿ (ಲೋಕಕ್ಕೆಲ್ಲ ಒಂದೇ ಆದ ಸಮಯ) ಗಡಿಯಾರವನ್ನೇ ನೋಡಿ, ಗೋಡೆಯದನ್ನಲ್ಲ. ನಾಲ್ಕು ಸೆಕೆಂಡಿಗೆ ಒಂದು ಮೈಲಿ ತಪ್ಪುತ್ತದೆ.

ಬಬಲ್ ಸೆಕ್ಸ್‌ಟಂಟ್ (ನಕ್ಷತ್ರದ ಎತ್ತರ ಅಳೆಯುವ ಉಪಕರಣ) ಗೇಜ್ ಹಾಕಿಕೊಂಡವರು ಮೊದಲು ಮುಂಬೈ ನಿಲ್ದಾಣದಲ್ಲೇ ರಾತ್ರಿ ನಿಲ್ಲಿಸಿ ಧ್ರುವ ನೋಡಿ. ತಿದ್ದುಪಡಿ ಹಾಕಿದ ಮೇಲೆ 19 ಡಿಗ್ರಿ 5 ಮಿನಿಟ್ ಆಸುಪಾಸು ಬರಬೇಕು. ಬಾರದಿದ್ದರೆ ನಿಮ್ಮ ಸಿಮ್ಯುಲೇಟರಿನ ಆಕಾಶವನ್ನು ನಂಬಬೇಡಿ.

ಕುಶಾಲನಗರದಿಂದ:
ಯಾರೂ ಪೆಟ್ರೋಲ್ ಮಾತೆತ್ತಲಿಲ್ಲ. ಹಿಂದೆ ಹೋಗುವುದಾ ಮುಂದೆ ಹೋಗುವುದಾ ಅನ್ನುವ ಬಿಂದು ಅರ್ಧ ದಾರಿಯಲ್ಲಿ ಇರುವುದಿಲ್ಲ. ಮೇಲಿನ ಗಾಳಿಗೇ ನೋಡಿ: ಹೋಗುವ ವೇಗ 240, ಮರಳುವ ವೇಗ 276. ಒಟ್ಟು 1,650 ಮೈಲಿಯನ್ನು 276ರಿಂದ ಗುಣಿಸಿ, ಎರಡೂ ವೇಗದ ಮೊತ್ತ 516ರಿಂದ ಭಾಗಿಸಿ: 883 ಮೈಲಿ. ಅರ್ಧ ದಾರಿ 825 ದಾಟಿದ ಮೇಲೂ ಎಂಜಿನ್ ಕೆಟ್ಟರೆ ಮುಂಬೈಯೇ ಹತ್ತಿರ, ಹೊತ್ತಿನ ಲೆಕ್ಕದಲ್ಲಿ. ಮೀಸಲು ಬಿಟ್ಟು ಹತ್ತು ಗಂಟೆಯ ಇಂಧನ ಇದ್ದರೆ ಇದೇ ರೀತಿ ಮರಳಲಾಗದ ಬಿಂದು 5 ಗಂಟೆ 21 ನಿಮಿಷಕ್ಕೆ.

ಹೊರಡುವಾಗ ಇಟ್ಟ ಪವರನ್ನು ಏಡನ್‌ವರೆಗೆ ಹಾಗೇ ಬಿಡುವವರೂ ಇದ್ದಾರೆ. ಭಾರ ಇಳಿದಂತೆ ವೇಗ ಏರುತ್ತದೆ, ಲೆಕ್ಕ ಕೆಡುತ್ತದೆ. ಗಂಟೆಗೊಮ್ಮೆ ಪವರ್ ಇಳಿಸಿ. ಬಿಎಂಇಪಿಯನ್ನು (ಸಿಲಿಂಡರಿನೊಳಗಿನ ಸರಾಸರಿ ಒತ್ತಡದ ಅಳತೆ) ಆರ್‌ಪಿಎಂನಿಂದ (ನಿಮಿಷಕ್ಕೆ ಎಷ್ಟು ಸುತ್ತು) ಗುಣಿಸಿ 283ರಿಂದ ಭಾಗಿಸಿದರೆ ಡಿಸಿ-6ಬಿಯ ಆರ್-2800 ಎಂಜಿನ್ನಿನ ಕುದುರೆಶಕ್ತಿ ಸಿಗುತ್ತದೆ. ಅದೇ ಕಾಲದ ಕಾನ್‌ಸ್ಟಲೇಶನ್ ವಿಮಾನದ ಆರ್-3350ಕ್ಕೆ 236ರಿಂದ ಭಾಗಿಸಿ. 1948ರ ಜೂನ್ 8ರಂದು ಮುಂಬೈ ಬಿಟ್ಟು ಲಂಡನ್‌ಗೆ ಹೊರಟ ಏರ್ ಇಂಡಿಯಾದ ಮಲಬಾರ್ ಪ್ರಿನ್ಸೆಸ್ ಕಾನ್‌ಸ್ಟಲೇಶನ್ನೇ, ಆ ಕಾಲದ ರುಚಿ ಬೇಕಿದ್ದರೆ ಅದನ್ನೂ ಹಾರಿಸಿ ನೋಡಿ.

ಭಾಗಮಂಡಲದಿಂದ:
ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಳಗೆ ಹಾರಬೇಡಿ. ನಮ್ಮಲ್ಲಿ ಮಳೆ ಸುರಿಸುವ ನೈಋತ್ಯ ಗಾಳಿಯ ಜೋರು ಹರಿವು ಅರಬ್ಬಿ ಸಮುದ್ರದ ಮೇಲೆ 5,000 ಅಡಿ ಆಸುಪಾಸಿನಲ್ಲಿರುತ್ತದೆ, ನಿಮಗೆ ಎದುರಿಗೇ. ಮೇಲೇರಿದಷ್ಟೂ ಅದು ಸಡಿಲ.

ಗೋಣಿಕೊಪ್ಪದಿಂದ:
ಮಳೆಗಾಲದಲ್ಲಿ ಇಲ್ಲಿ ಏಳು ಗಂಟೆ ಸತತ ಕರೆಂಟ್ ಇದ್ದರೆ ಪುಣ್ಯ. ಯುಪಿಎಸ್ ಇರುವುದು ಸೇವ್ ಮಾಡಿ ಮುಚ್ಚುವುದಕ್ಕೆ, ಹಾರುವುದಕ್ಕಲ್ಲ. ಸೇವ್ ಮಾಡಿದರೂ ಇಂಥ ವಿಮಾನಗಳ ಟ್ಯಾಂಕ್, ಕೌಲ್ ಫ್ಲ್ಯಾಪ್ (ಎಂಜಿನ್ ತಂಪಾಗಿಸುವ ಬಾಗಿಲು) ಸ್ಥಿತಿ ಹಾಗೇ ಮರಳುತ್ತದೆ ಅಂತ ನಂಬಬೇಡಿ. ಅರ್ಧ ಗಂಟೆಗೊಮ್ಮೆ ಕಾಗದದ ಮೇಲೆ ಬರೆಯಿರಿ: ಯುಟಿಸಿ, ಲೆಕ್ಕದ ಅಕ್ಷಾಂಶ-ರೇಖಾಂಶ, ಹೆಡಿಂಗ್, ನಿಜವೇಗ, ಪ್ರತಿ ಟ್ಯಾಂಕಿನ ಇಂಧನ. ಆ ಒಂದು ಸಾಲು ಇದ್ದರೆ ಆಕಾಶದಲ್ಲೇ ಮತ್ತೆ ಶುರು ಮಾಡಬಹುದು. ನೆಟ್ ಹೋದರೆ ಲೈವ್ ಹವಾಮಾನವೂ ಹೋಗುತ್ತದೆ, ಅಳೆದ ಗಾಳಿ ಆಮೇಲೆ ಸುಳ್ಳು. ಅಂಥ ದಿನ ಹೊರಡುವಾಗಲೇ ಗಾಳಿಯನ್ನು ಕೈಯಲ್ಲಿ ಹಾಕಿಡಿ, ಬೇರೆ ಯಾರಿಂದಾದರೂ ಹಾಕಿಸಿದರೆ ಇನ್ನೂ ಒಳ್ಳೆಯದು, ಸಂಖ್ಯೆ ನಿಮಗೆ ಗೊತ್ತಿರಬಾರದು.

ಸಮಯವನ್ನು ನಾಲ್ಕು ಪಟ್ಟಿಗಿಂತ ಹೆಚ್ಚು ಓಡಿಸಬೇಡಿ. ಆಟೋಪೈಲಟ್ ಓಲಾಡಲು ಶುರುಮಾಡುತ್ತದೆ, ಟ್ಯಾಂಕ್ ಬದಲಿಸುವ ಹೊತ್ತು ನಿಮಿಷದೊಳಗೆ ದಾಟಿಹೋಗುತ್ತದೆ. ರಾಸ್ ಫರ್ತಕ್‌ಗೆ ಇನ್ನೂರು ಮೈಲಿ ಇರುವಾಗ ಒಂದು ಪಟ್ಟಿಗೆ ಇಳಿಸಿ, ಬಲಗಡೆ ಕಿಟಕಿ ನೋಡುತ್ತಿರಿ.